ಹತ್ತು ಪೌಂಡ್ ಎಂದರೆ ಎಷ್ಟು? ಮನೆ-ಬಿಯರಿನ ಪಾಕಪಠ್ಯಗಳಲ್ಲಿ ಧಾನ್ಯದ ಅಳತೆ

ಈ ಗೋಷ್ಠಿಯಲ್ಲಿ ಗಡಿಯಾಚೆಯ ಕನ್ನಡದ ಅಳತೆಯ ಪದಗಳ ಬಗ್ಗೆ ಸಾಕಷ್ಟು ಮಾತಾಯಿತು. ಕಾಸರಗೋಡಿನ ಮುಡಿ, ತಾಳವಾಡಿ ಕಡೆಯ ಪಡಿ, ಸೊಲ್ಲಾಪುರ-ಜತ್ತದ ಪಾಯಲಿ ಎಲ್ಲವೂ ಬಂದವು. ನಾನು ಆರಿಸಿಕೊಂಡ ಪಠ್ಯ ಮಾತ್ರ ಕನ್ನಡದ್ದಲ್ಲ, ಈ ದೇಶದ್ದೂ ಅಲ್ಲ. ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿ ಮನೆಯಲ್ಲೇ ಬಿಯರ್ ಮಾಡುವವರಿಗಾಗಿ ಬರೆದ ಪಾಕಪಠ್ಯಗಳು, ಅದರಲ್ಲೂ ಯಾವ ಧಾನ್ಯ ಎಷ್ಟು ಅಂತ ಹೇಳುವ ಎರಡು-ಮೂರು ಸಾಲು. ಆ ಸಾಲುಗಳಿಗೆ ಅವರಲ್ಲಿ 'ಗ್ರೇನ್ ಬಿಲ್' ಅಂತ ಹೆಸರು. ಧಾನ್ಯದ ಚೀಟಿ ಅನ್ನೋಣ.

ಯಾಕೆ ಇದು ಅಂತ ಕೇಳಬಹುದು. ನಮ್ಮ ಜಾನಪದ ಸಂಗ್ರಹಗಳ ಕೊನೆಯಲ್ಲಿ ಒಂದು ಪದಕೋಶ ಇರ್ತದೆ. ಅದರಲ್ಲಿ 'ಸೇರು: ಸುಮಾರು ಒಂದು ಕಿಲೋ' ಅಂತ ಒಂದು ಸಾಲು, ಅಷ್ಟೇ. ಆ ಸಾಲು ಏನನ್ನು ನುಂಗಿ ಹಾಕ್ತದೆ ಅಂತ ವಿವರಿಸುವುದು ನಮ್ಮದೇ ಸಾಮಗ್ರಿಯಲ್ಲಿ ಕಷ್ಟ, ಯಾಕೆಂದರೆ ಸೇರು ಅಳೆಯುವವರು ಈಗ ಹೆಚ್ಚು ಉಳಿದಿಲ್ಲ. ಬಿಯರಿನ ಪಾಕಪಠ್ಯದಲ್ಲಿ ಹಾಗಲ್ಲ. ಅಲ್ಲಿ ಅಳತೆ ಊರಿಂದ ಊರಿಗೆ ಹೋಗುವಾಗ ಏನಾಗ್ತದೆ ಅನ್ನುವುದನ್ನು ಇವತ್ತೂ ಗಾಜಿನ ಹೈಡ್ರೋಮೀಟರ್ ಮುಳುಗಿಸಿ ನೋಡಬಹುದು. ನಾನು ಬಿಯರ್ ಮಾಡಿದ್ದಿಲ್ಲ, ಪರವಾನಗಿ ಇಲ್ಲದೆ ಮನೆಯಲ್ಲಿ ಮಾಡುವುದು ಕೇರಳದಲ್ಲೂ ಕರ್ನಾಟಕದಲ್ಲೂ ಅಪರಾಧ. ನಾನು ಓದಿದ್ದು ಪಠ್ಯವಾಗಿ.

ಅಲ್ಲಿಯೂ ಇದು ಮೊದಲಿಂದ ಬಿಡುವಾಗಿ ಇರಲಿಲ್ಲ. ಇಂಗ್ಲೆಂಡಿನಲ್ಲಿ ಮನೆ-ಬಿಯರಿಗೆ ಲೈಸೆನ್ಸು ಬೇಡ ಅಂತಾದದ್ದು 1963ರಲ್ಲಿ. ಅಮೆರಿಕದಲ್ಲಿ ಅಧ್ಯಕ್ಷ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾನೂನಿನಿಂದ ಕೇಂದ್ರದ ನಿಷೇಧ ಹೋಯಿತು. ಆ ಕಾನೂನೇ ಅಳತೆಯ ಭಾಷೆಯಲ್ಲಿ ಉಂಟು: ವಯಸ್ಕರೊಬ್ಬರೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಇದ್ದರೆ 200. ಡೇವ್ ಲೈನ್ ಇಂಗ್ಲೆಂಡಿನಲ್ಲಿ 1974ರಲ್ಲಿ, ಚಾರ್ಲಿ ಪಪಾಜಿಯನ್ ಅಮೆರಿಕದಲ್ಲಿ 1984ರಲ್ಲಿ ಪ್ರಕಟಿಸಿದ ಪುಸ್ತಕಗಳು ಈ ಸಡಿಲಿಕೆಯ ನಂತರದ ಫಸಲು.

ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹೇಳಿ ಮುಂದೆ ಹೋಗ್ತೇನೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್. ನಾವು ರಾಗಿ ಮಾಲ್ಟ್ ಅಂತೇವಲ್ಲ, ಅದೇ ಪದ. ಮಾಲ್ಟನ್ನು ಒಡೆದು, ಸುಮಾರು 65ರಿಂದ 68 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಬಸಿದು, ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕುವುದು. ಅಂದ್ರೆ ಧಾನ್ಯ ಬೇಕಾಗಿರುವುದು ಧಾನ್ಯಕ್ಕಾಗಿ ಅಲ್ಲ, ಅದರಿಂದ ಇಳಿಯುವ ಸಕ್ಕರೆಗಾಗಿ. ಅಳೆಯುವುದು ಮಾತ್ರ ಧಾನ್ಯವನ್ನು. ಈ ಪಠ್ಯದ ಎಲ್ಲ ತೊಡಕೂ ಈ ಅಂತರದಲ್ಲಿ ಉಂಟು.

ಈಗ ಒಂದು ಮಾದರಿ ಚೀಟಿ, ನಾನೇ ಉದಾಹರಣೆಗೆ ಬರೆದದ್ದು: ಪೇಲ್ ಮಾಲ್ಟ್ 10 ಪೌಂಡ್, ಕ್ರಿಸ್ಟಲ್ 60 ಒಂದು ಪೌಂಡ್, 5 ಗ್ಯಾಲನ್ ಬಿಯರಿಗೆ. ನೋಡಲಿಕ್ಕೆ ಇದಕ್ಕಿಂತ ಸ್ಪಷ್ಟವಾದ ವಾಕ್ಯ ಇಲ್ಲ. 10 ಪೌಂಡ್ ಅಂದ್ರೆ 4.54 ಕಿಲೋ. ಮುಗೀತಲ್ಲ?

ಮುಗಿಯಲಿಲ್ಲ. ಮೊದಲು ಗ್ಯಾಲನ್ ತಗೊಳ್ಳಿ. ಅಮೆರಿಕದ ಗ್ಯಾಲನ್ 3.785 ಲೀಟರ್, ಇಂಗ್ಲೆಂಡಿನ ಇಂಪೀರಿಯಲ್ ಗ್ಯಾಲನ್ 4.546 ಲೀಟರ್. ಹಾಗಾಗಿ ಐದು ಗ್ಯಾಲನ್ ಅಂದ್ರೆ ಒಂದು ಕಡೆ 18.9 ಲೀಟರ್, ಇನ್ನೊಂದು ಕಡೆ 22.7 ಲೀಟರ್. ಪೌಂಡ್ ಎರಡೂ ದೇಶದಲ್ಲಿ ಒಂದೇ. ಒಂದೇ ಚೀಟಿಯಲ್ಲಿ ಒಂದು ಪದ ಗಡಿ ದಾಟಿದೆ, ಪಕ್ಕದ ಪದ ದಾಟಲಿಲ್ಲ. ಕ್ರಿಸ್ಟಲ್ 60 ಅನ್ನುವ ಸಂಖ್ಯೆಯೂ ಹಾಗೆಯೇ. ಅದು ತೂಕವಲ್ಲ, ಬಣ್ಣದ ಅಳತೆ. ಅಮೆರಿಕದವರು ಲೋವಿಬಾಂಡ್ ಮಾನದಲ್ಲಿ ಬರೆಯುತ್ತಾರೆ, ಯುರೋಪಿನವರು ಇಬಿಸಿ ಮಾನದಲ್ಲಿ. 60 ಲೋವಿಬಾಂಡಿನ ಮಾಲ್ಟ್ ಇಬಿಸಿಯಲ್ಲಿ 150ರ ಆಸುಪಾಸು ಬರುತ್ತದೆ. ಮಾನ ಹೇಳದೆ 60 ಅಂತ ಬರೆದ ಚೀಟಿಯನ್ನು ಜರ್ಮನಿಯಲ್ಲಿ ಕೂತು ಓದಿದವರ ಬಿಯರ್ ಬೇರೆಯೇ ಬಣ್ಣದ್ದು.

ಇಷ್ಟು ಪರಿವರ್ತನೆಯ ಕಷ್ಟ, ಕೋಷ್ಟಕ ಇಟ್ಟುಕೊಂಡರೆ ತೀರುತ್ತದೆ. ಕೋಷ್ಟಕದಿಂದ ತೀರದ್ದು ಮುಂದಿನದು. ಒಂದು ಪೌಂಡ್ ಪೇಲ್ ಮಾಲ್ಟಿನಲ್ಲಿರುವ ಸಕ್ಕರೆಯನ್ನೆಲ್ಲ ಒಂದು ಅಮೆರಿಕನ್ ಗ್ಯಾಲನ್ ನೀರಿಗೆ ಇಳಿಸಲಿಕ್ಕೆ ಸಾಧ್ಯವಾದರೆ ಆ ನೀರಿನ ಸಾಂದ್ರತೆ ಸುಮಾರು 1.037 ಆಗುತ್ತದೆ. ಇದನ್ನು 37 ಪಾಯಿಂಟ್ ಅನ್ನುತ್ತಾರೆ. (ಬರೀ ಸಕ್ಕರೆಗೆ 46.) ಮನೆಯಲ್ಲಿ ಎಲ್ಲವೂ ಇಳಿಯುವುದಿಲ್ಲ. ಗಿರಣಿ ಎಷ್ಟು ನುಣ್ಣಗೆ ಒಡೆಯಿತು, ಧಾನ್ಯದ ಮೇಲೆ ಎಷ್ಟು ನೀರು ಹೊಯ್ದು ತೊಳೆದರು, ಪಾತ್ರೆಯ ತಳದಲ್ಲಿ ನಲ್ಲಿಗೆ ಸಿಗದೆ ಎಷ್ಟು ನಿಂತಿತು, ಇವುಗಳ ಮೇಲೆ ಹೋಗ್ತದೆ. ಒಬ್ಬರ ಮನೆಯಲ್ಲಿ 75 ಪ್ರತಿಶತ ಇಳಿದರೆ 10 ಪೌಂಡ್ ಪೇಲ್ ಮಾಲ್ಟಿನಿಂದ 5 ಅಮೆರಿಕನ್ ಗ್ಯಾಲನಿಗೆ 1.055 ಸಿಗ್ತದೆ. ಇನ್ನೊಬ್ಬರ ಮನೆಯಲ್ಲಿ 60 ಪ್ರತಿಶತವಾದರೆ 1.044. ಮೊದಲನೆಯದು ಹುದುಗಿ ಸುಮಾರು 5.4 ಪ್ರತಿಶತ ಮದ್ಯಸಾರದ ಬಿಯರ್ ಆದರೆ, ಎರಡನೆಯದು 4.3ರ ಹತ್ತಿರ. ಚೀಟಿ ಒಂದೇ, ತಕ್ಕಡಿ ಒಂದೇ, ಗ್ಯಾಲನ್ನೂ ಒಂದೇ, ಇಬ್ಬರೂ ಏನೂ ತಪ್ಪು ಮಾಡಲಿಲ್ಲ.

ಹಾಗಾದರೆ ಆ '10 ಪೌಂಡ್' ಯಾವ ಬಗೆಯ ವಾಕ್ಯ? ವ್ಯಾಕರಣದಲ್ಲಿ ಅದು ವಿಧ್ಯರ್ಥ: ಇಷ್ಟು ಹಾಕು. ಅರ್ಥದಲ್ಲಿ ಅದು ಭೂತಕಾಲ: ನನ್ನ ಪಾತ್ರೆಯಲ್ಲಿ, ನನ್ನ ಗಿರಣಿಯಲ್ಲಿ, ನನಗೆ ಇಷ್ಟು ಬೇಕಾಯಿತು. ಬರೆದವರ ಪಾತ್ರೆಯ ತಳದಲ್ಲಿ ನಿಂತ ಎರಡು ಲೋಟ ನೀರೂ ಆ ಸಂಖ್ಯೆಯೊಳಗೆ ಕೂತಿದೆ. ಪಾಕಪಠ್ಯವನ್ನು ಆಜ್ಞೆಯಾಗಿ ಓದುವುದು ನಮಗೆ ರೂಢಿ, ಈ ಸಾಲನ್ನು ಮಾತ್ರ ಸಾಕ್ಷ್ಯವಾಗಿ ಓದಬೇಕು ಅನ್ನುವುದು ನನ್ನ ವಾದ. ಸಾಕ್ಷ್ಯ ಅಂದಮೇಲೆ ಅದನ್ನು ಪಾಟೀಸವಾಲಿಗೆ ಒಳಪಡಿಸಬಹುದು: ಎಲ್ಲಿ ಅಳೆದದ್ದು, ಯಾವುದರಲ್ಲಿ, ಕೊನೆಗೆ ಎಷ್ಟು ಸಿಕ್ಕಿತು? ಇದಕ್ಕೆ ಉತ್ತರ ಕೊಡುವ ಪಠ್ಯ ಪ್ರಾಮಾಣಿಕ. ಕೊಡದ್ದು ಎಷ್ಟೇ ನಿಖರವಾಗಿ ಕಂಡರೂ, ದಶಮಾಂಶ ಎರಡು ಸ್ಥಾನಕ್ಕೆ ಬರೆದರೂ, ಮಸುಕೇ.

ಇದು ಮನೆ-ಬಿಯರಿನವರ ಹೊಸ ಸಮಸ್ಯೆಯಲ್ಲ. ಇಂಗ್ಲೆಂಡಿನ ಹಳೆಯ ಬ್ರೂವರಿಗಳಲ್ಲಿ ಮಾಲ್ಟನ್ನು ತೂಗುತ್ತಿರಲಿಲ್ಲ, ಬುಶೆಲಿನಲ್ಲಿ ಅಳೆಯುತ್ತಿದ್ದರು. ಎಂಟು ಬುಶೆಲಿಗೆ ಒಂದು ಕ್ವಾರ್ಟರ್. ಬುಶೆಲ್ ಅಂದ್ರೆ ಕೊಳಗದ ಹಾಗೆ ಪಾತ್ರೆ. ಮಟ್ಟ ಮಾಡಲಿಕ್ಕೆ ಮೇಲೆ ಒಂದು ಕೋಲು ಎಳೆಯುತ್ತಿದ್ದರು, ಆ ಕೋಲು ಎಳೆಯುವ ಕ್ರಿಯೆಯಿಂದಲೇ ಕೆಲವು ಕಡೆ ಬುಶೆಲಿಗೆ 'ಸ್ಟ್ರೈಕ್' ಅನ್ನುವ ಹೆಸರೂ ಇತ್ತು. ತುದಿ ಕಟ್ಟಿ ಅಳೆದದ್ದೋ, ಕೈ ಸವರಿ ಮಟ್ಟ ಮಾಡಿ ಅಳೆದದ್ದೋ ಅಂತ ನಮ್ಮಲ್ಲೂ ಜಗಳ ಆಗ್ತಿತ್ತಲ್ಲ, ಅದೇ. ಕಾಲ ಹೋದ ಹಾಗೆ ಈ ಪಾತ್ರೆಗೆ ತೂಕ ಗೊತ್ತುಮಾಡಿದರು. ಆಗ ಚೆಂದದ ಒಂದು ಸಂಗತಿ ನಡೆಯಿತು: ಬುಶೆಲ್ ಒಡೆದು ಹಲವಾಯಿತು. ಇಂಗ್ಲೆಂಡಿನಲ್ಲಿ ಬಾರ್ಲಿಯ ಬುಶೆಲ್ 56 ಪೌಂಡ್, ಮಾಲ್ಟಿನ ಬುಶೆಲ್ 42 ಪೌಂಡ್. ಅಮೆರಿಕದಲ್ಲಿ ಬಾರ್ಲಿಗೆ 48, ಮಾಲ್ಟಿಗೆ 34. ಪಾತ್ರೆ ಮಾಯವಾಗಿ ಹೆಸರು ಮಾತ್ರ ಉಳಿದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇವತ್ತು ಬುಶೆಲ್ ಅಂತ ಬರೆದ ಹಳೆಯ ಲೆಕ್ಕವನ್ನು ಓದುವವರು ಯಾವ ಧಾನ್ಯ, ಯಾವ ದೇಶ ಅಂತ ಕೇಳದೆ ಒಂದು ಹೆಜ್ಜೆ ಇಡುವ ಹಾಗಿಲ್ಲ.

ಈ ಸಂಖ್ಯೆಗಳಲ್ಲಿ ಒಂದು ಲಾಭವೂ ಅಡಗಿತ್ತು. ಒಂದು ಕ್ವಾರ್ಟರ್ ಬಾರ್ಲಿ 448 ಪೌಂಡ್, ಮಾಲ್ಟ್ ಮಾಡಿದಾಗ ತೂಕ ಐದರಲ್ಲಿ ಒಂದು ಪಾಲಿನ ಹತ್ತಿರ ಇಳಿಯುತ್ತದೆ. ಹಾಗಾದರೆ ಸಿಗುವುದು ಸುಮಾರು 358 ಪೌಂಡ್. ಮಾಲ್ಟಿನ ಕ್ವಾರ್ಟರ್ ಮಾತ್ರ 336 ಪೌಂಡ್. ತೂಕದಲ್ಲಿ ಕಳೆದುಕೊಂಡ ಮಾಲ್ಟ್ ತಯಾರಕ ಅಳತೆಯಲ್ಲಿ ಗಳಿಸುತ್ತಾನೆ! ಅವರು ಇದನ್ನು 'ಹೆಚ್ಚಳ' ಅಂತಲೇ ಕರೆಯುತ್ತಿದ್ದರು. ಕಣದಲ್ಲಿ ರಾಶಿ ಅಳೆಯುವಾಗ ನಮ್ಮವರು ಒಂದು ಅನ್ನದೆ 'ಲಾಭ' ಅಂತ ಶುರು ಮಾಡಿ, ಆಮೇಲೆ ಎರಡು, ಮೂರು ಅಂತ ಎಣಿಸುವುದು ಇಲ್ಲಿರುವ ಹೆಚ್ಚಿನವರಿಗೆ ಗೊತ್ತು. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ನಮ್ಮದು ಶಕುನದ ಮಾತು, ಅವರದು ವ್ಯಾಪಾರದ ಲೆಕ್ಕ. ಆದರೂ ಅಳತೆ ಅನ್ನುವುದು ಯಾರೂ ಇಲ್ಲದ ಜಾಗದಲ್ಲಿ ನಡೆಯುವ ಕೆಲಸವಲ್ಲ, ಕೊಡುವವ ಮತ್ತು ತೆಗೆದುಕೊಳ್ಳುವವ ಎದುರುಬದುರು ನಿಂತಾಗ ನಡೆಯುವುದು ಅಂತ ಎರಡರಲ್ಲೂ ಕಾಣ್ತದೆ.

ನೀಲಗಿರಿಯಿಂದ ಸೇರಿಕೊಂಡ ಸ್ನೇಹಿತರಿಗೆ ಒಂದು ಸೂಚನೆ. ಬಡಗರು ಬಾರ್ಲಿ ಬೆಳೆಯುತ್ತಿದ್ದವರು. 19ನೇ ಶತಮಾನದಲ್ಲಿ ನೀಲಗಿರಿಯಲ್ಲಿ ಬ್ರೂವರಿಗಳೂ ಇದ್ದವು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದಾಗ ನೀಲಗಿರಿಯವೂ ಅದರಲ್ಲಿ ಸೇರಿದವು. ಬುಶೆಲ್ ಮತ್ತು ಕೊಳಗ ಒಂದೇ ಬೆಟ್ಟದಲ್ಲಿದ್ದ ಕಾಲ ಅದು. ಅಳತೆಯ ಪದಗಳ ಕ್ಷೇತ್ರಕಾರ್ಯ ಮಾಡುವವರು ಅಲ್ಲಿ ಹಿರಿಯರನ್ನು ಬಾರ್ಲಿಯ ಬಗ್ಗೆಯೂ ಕೇಳಬೇಕು.

ಬುಶೆಲಿನ ಕಥೆಗೆ ತಿರುವು ಕೊಟ್ಟದ್ದು ಒಂದು ಉಪಕರಣ. ಹಲ್ ಊರಿನ ಜಾನ್ ರಿಚರ್ಡ್ಸನ್ 1784ರಲ್ಲಿ ಸ್ಯಾಕರೋಮೀಟರ್ ಬಳಸಿ, ಒಂದು ಕ್ವಾರ್ಟರ್ ಮಾಲ್ಟಿನಿಂದ ನೀರಿಗೆ ಎಷ್ಟು ಸಾರ ಇಳಿಯಿತು ಅಂತ ಲೆಕ್ಕ ಹಾಕಿ ಪ್ರಕಟಿಸಿದ. ಅಲ್ಲಿಯ ತನಕ ಪೋರ್ಟರ್ ಅನ್ನುವ ಕಪ್ಪು ಬಿಯರನ್ನು ಕಂದು ಮಾಲ್ಟಿನಿಂದ ಮಾಡುತ್ತಿದ್ದರು, ಬುಶೆಲ್ ಲೆಕ್ಕದಲ್ಲಿ ಅದೇ ಅಗ್ಗ. ಸಾರದ ಲೆಕ್ಕ ಬಂದಾಗ ಗೊತ್ತಾಯಿತು, ಬುಶೆಲಿಗೆ ದುಬಾರಿಯಾದ ಪೇಲ್ ಮಾಲ್ಟೇ ನಿಜವಾಗಿ ಅಗ್ಗ, ಅದರಲ್ಲಿ ಸಕ್ಕರೆ ಅಷ್ಟು ಹೆಚ್ಚು. ಬ್ರೂವರಿಗಳು ಪೇಲ್ ಮಾಲ್ಟಿಗೆ ಹೊರಳಿದವು, ಬಿಯರಿನ ಬಣ್ಣ ಹೋಯಿತು. ಬಣ್ಣಕ್ಕೆ ದಾರಿ ಹುಡುಕಿ 1817ರಲ್ಲಿ ಡೇನಿಯಲ್ ವೀಲರ್ ಮಾಲ್ಟನ್ನು ಕಾಫಿ ಬೀಜದ ಹಾಗೆ ಕರ್ರಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಳೆಯುವ ರೀತಿ ಬದಲಾದದ್ದಕ್ಕೆ ಪದಾರ್ಥವೇ ಬದಲಾಯಿತು. ಅಳತೆ ಪಾಕದ ಹೊರಗಿನ ಚೌಕಟ್ಟು ಅಂತ ಭಾವಿಸುವವರು ಈ 33 ವರ್ಷಗಳನ್ನು ಓದಬೇಕು.

ಈಗ ಪುಸ್ತಕಗಳಿಗೆ ಬರ್ತೇನೆ. ಪಪಾಜಿಯನ್ನರ ಪುಸ್ತಕದ ಖ್ಯಾತಿ ಅದರ ಧಾಟಿಯಿಂದ. ಓದುಗರ ಆತಂಕ ಇಳಿಸುವ, ಬೆನ್ನು ತಟ್ಟುವ ಬರವಣಿಗೆ ಅದು. ಹಲವು ವಿಮರ್ಶಕರು ಈ ಧಾಟಿಯನ್ನು ಬರೀ ಸ್ವಭಾವ ಅಂತ ಓದುತ್ತಾರೆ. ನನಗೆ ಅದರ ಹಿಂದೆ ಪದಾರ್ಥವೂ ಕಾಣುತ್ತದೆ. ಅವರ ಹೊಸಬರ ಪಾಕಗಳು ಬಹುಪಾಲು ಮಾಲ್ಟ್ ಎಕ್ಸ್‌ಟ್ರಾಕ್ಟಿನವು, ಅಂದ್ರೆ ಕಾರ್ಖಾನೆಯಲ್ಲೇ ಸಕ್ಕರೆ ಇಳಿಸಿ ಬತ್ತಿಸಿದ ಪಾಕ. ಅದರ ಒಂದು ಪೌಂಡ್ ಯಾರ ಅಡುಗೆಮನೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಸಕ್ಕರೆ ಕೊಡ್ತದೆ. ಅಲ್ಲಿ ಸಂಖ್ಯೆ ಪ್ರಯಾಣ ಮಾಡಬಲ್ಲದು, ಹಾಗಾಗಿ ಚಿಂತೆ ಬೇಡ ಅನ್ನುವುದು ಸತ್ಯವಾದ ಮಾತು. ಇಡೀ ಧಾನ್ಯದಿಂದ ಶುರು ಮಾಡುವ ಅಧ್ಯಾಯಗಳಿಗೆ ಬಂದಾಗ ಅದೇ ಸಮಾಧಾನದ ಧ್ವನಿ ಅಷ್ಟು ಒಗ್ಗುವುದಿಲ್ಲ.

ರೇ ಡೇನಿಯಲ್ಸ್ 1996ರಲ್ಲಿ ಹಿಡಿದ ದಾರಿ ಬೇರೆ. ರಾಷ್ಟ್ರೀಯ ಸ್ಪರ್ಧೆಯ ಎರಡನೇ ಸುತ್ತಿಗೆ ತಲುಪಿದ ಪಾಕಗಳನ್ನು ಒಟ್ಟುಮಾಡಿ, ಒಂದೊಂದು ಬಗೆಯ ಬಿಯರಿನಲ್ಲಿ ಯಾವ ಮಾಲ್ಟ್ ಒಟ್ಟು ಧಾನ್ಯದ ಎಷ್ಟು ಪ್ರತಿಶತ ಅಂತ ನೋಡಿದರು. ನಮ್ಮ ಮಾದರಿ ಚೀಟಿಯನ್ನು ಹಾಗೆ ಬರೆದರೆ ಪೇಲ್ 91, ಕ್ರಿಸ್ಟಲ್ 9. ಪೌಂಡ್ ಹೋಯಿತು, ಗ್ಯಾಲನ್ ಹೋಯಿತು, ಸಂಬಂಧ ಮಾತ್ರ ಉಳಿಯಿತು. ಅನುವಾದದ ತರಗತಿಯಲ್ಲಿ ನಾವು ಪದಕ್ಕೆ ಪದ ಬೇಡ, ಪದಗಳ ನಡುವಿನ ಸಂಬಂಧ ತನ್ನಿ ಅಂತ ಕಲಿಯುತ್ತೇವಲ್ಲ, ಅದನ್ನೇ ಇಲ್ಲಿ ಮಾಡಿದ್ದಾರೆ. ಈಗ ಗಂಭೀರವಾಗಿ ಬರೆಯುವವರ ನಡುವೆ ಪ್ರತಿಶತವೇ ಉತ್ತಮ ಅನ್ನುವ ಅಭಿಪ್ರಾಯ ಗಟ್ಟಿಯಾಗಿದೆ.

ನನಗೆ ಇದರಲ್ಲಿ ಪೂರ್ತಿ ಒಪ್ಪಿಗೆ ಇಲ್ಲ. ಚೀಟಿಯಲ್ಲಿರುವ ಎಲ್ಲ ಧಾನ್ಯದ ಕೆಲಸವೂ ಒಂದೇ ಅಲ್ಲ. ಪೇಲ್ ಮಾಲ್ಟ್ ಬರುವುದು ಸಕ್ಕರೆಗೆ, ಕಪ್ಪಗೆ ಹುರಿದ ಮಾಲ್ಟ್ ಬರುವುದು ಬಣ್ಣಕ್ಕೆ, ಕಹಿಗೆ. 60 ಪ್ರತಿಶತದ ಮನೆಯವರು 75ರ ಮನೆಯ ಸಾಂದ್ರತೆ ಮುಟ್ಟಬೇಕಾದರೆ ಧಾನ್ಯವನ್ನು ಕಾಲುಪಾಲು ಹೆಚ್ಚಿಸಬೇಕು, 10ರ ಜಾಗದಲ್ಲಿ ಹನ್ನೆರಡೂವರೆ ಪೌಂಡ್. ಪ್ರತಿಶತವನ್ನು ನಿಷ್ಠೆಯಿಂದ ಪಾಲಿಸಿದರೆ ಕಪ್ಪು ಮಾಲ್ಟೂ ಕಾಲುಪಾಲು ಹೆಚ್ಚುತ್ತದೆ. ಆದರೆ ಅದರ ಬಣ್ಣ, ಕಹಿ ಬಿಸಿನೀರಿಗೆ ಸಲೀಸಾಗಿ ಬಿಡುವಂಥವು, ಪಿಷ್ಟ ಸಕ್ಕರೆಯಾಗುವುದಕ್ಕೆ ಕಾಯುವುದಿಲ್ಲ. ಹಾಗಾಗಿ ಬಿಯರ್ ಬೇಕಾದ್ದಕ್ಕಿಂತ ಕಪ್ಪಾಗಿ, ಕಹಿಯಾಗಿ ಬರುತ್ತದೆ. ಅನುಭವಿಗಳು ಇದಕ್ಕೆ ಪೇಲ್ ಮಾಲ್ಟನ್ನು ಮಾತ್ರ ಹೆಚ್ಚಿಸಿ ಕಪ್ಪಿನದ್ದನ್ನು ಇದ್ದಷ್ಟೇ ಇಡುತ್ತಾರೆ. ಪ್ರತಿಶತ ಈ ಎರಡು ಜಾತಿಯ ಪ್ರಮಾಣಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿಬಿಟ್ಟಿತು. ಗಡಿ ದಾಟಿಸಲಿಕ್ಕೆ ಹೋಗಿ ಒಳಗಿನ ವ್ಯತ್ಯಾಸವನ್ನು ಅಳಿಸಿತು.

ಹಾಗಾದರೆ ಮೆಚ್ಚಬೇಕಾದ ಚೀಟಿ ಯಾವುದು? ಸ್ಕಾಟ್ಲೆಂಡಿನ ಬ್ರೂಡಾಗ್ ಕಂಪನಿ 2016ರಲ್ಲಿ ತನ್ನ 200ಕ್ಕೂ ಹೆಚ್ಚು ಬಿಯರುಗಳ ಪಾಕವನ್ನು ಡಿಐವೈ ಡಾಗ್ ಅನ್ನುವ ಹೆಸರಿನಲ್ಲಿ ಉಚಿತವಾಗಿ ಕೊಟ್ಟಿತು. ಜಾಹೀರಾತಿನ ಅಬ್ಬರ ಅದರಲ್ಲಿ ಧಾರಾಳ ಉಂಟು, ಅದನ್ನು ಬದಿಗಿಡಿ. ಪ್ರತಿ ಪುಟದಲ್ಲೂ ಧಾನ್ಯದ ತೂಕದ ಜತೆಗೆ 20 ಲೀಟರ್ ಅನ್ನುವ ಗಾತ್ರ, ಕುದಿಸುವ ಮೊದಲಿನ ಗಾತ್ರ, ಮುಟ್ಟಬೇಕಾದ ಮೊದಲ ಸಾಂದ್ರತೆ, ಕೊನೆಯ ಸಾಂದ್ರತೆ ಇವೆಲ್ಲ ಇವೆ. ತೂಕ, ಗಾತ್ರ, ಸಾಂದ್ರತೆ ಮೂರೂ ಗೊತ್ತಿದ್ದರೆ ನಾಲ್ಕನೆಯದು, ಅಂದ್ರೆ ಬರೆದವರು ಎಷ್ಟು ಪ್ರತಿಶತ ಸಾರ ಇಳಿಯುತ್ತದೆ ಅಂತ ಭಾವಿಸಿದ್ದರು ಅನ್ನುವುದು, ಓದುಗರೇ ಲೆಕ್ಕ ಹಾಕಿ ತೆಗೆಯಬಹುದು. ಮೂಲವನ್ನೂ ಅನುವಾದದ ದಾರಿಯನ್ನೂ ಒಟ್ಟಿಗೆ ಕೊಟ್ಟ ಹಾಗೆ ಇದು.

ಈ ಜಾಗದಿಂದ ನಮ್ಮ ಪದಕೋಶದ 'ಸೇರು: ಸುಮಾರು ಒಂದು ಕಿಲೋ'ವನ್ನು ನೋಡಿ. ಸರಕಾರಿ ಮಾನದ 80 ತೊಲದ ಪಕ್ಕಾ ಸೇರು 933 ಗ್ರಾಂ. ಹಳೆ ಮೈಸೂರಿನ ಕಚ್ಚಾ ಸೇರು 24 ತೊಲ, ಅಂದ್ರೆ 280 ಗ್ರಾಂ. ಇದಲ್ಲದೆ ತೂಕದ ಸೇರು ಬೇರೆ, ಪಾತ್ರೆಯ ಸೇರು ಬೇರೆ. ನಮ್ಮ ಕಡೆ 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದ್ರೆ 42 ಸೇರು. (ಇಂಗ್ಲೆಂಡಿನ ಮಾಲ್ಟಿನ ಬುಶೆಲೂ 42 ಪೌಂಡ್. ಕಾಕತಾಳೀಯ, ಅದರ ಮೇಲೆ ಯಾರೂ ಸಿದ್ಧಾಂತ ಕಟ್ಟುವುದು ಬೇಡ.) ಆ ಮುಡಿ ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆಯೂ ಹೌದು, ಅಷ್ಟು ಬೀಜ ಹಿಡಿಯುವ ಗದ್ದೆಯೂ ಹೌದು. ಪಾಡ್ದನದಲ್ಲೋ ಗಾದೆಯಲ್ಲೋ ಮುಡಿ ಅಂತ ಬಂದಾಗ ಕಿಲೋಗೆ ತಿರುಗಿಸುವ ಸಂಪಾದಕರು ಅದು ಯಾವ ಮುಡಿ ಅಂತ ತಾವೇ ತೀರ್ಮಾನ ಮಾಡಿ, ಉಳಿದ ಸಾಧ್ಯತೆಗಳನ್ನು ಮುಚ್ಚಿಬಿಡುತ್ತಾರೆ.

ಗಡಿಯವರಿಗೆ ಇದು ಬರೀ ಪಠ್ಯ ಸಂಪಾದನೆಯ ಪ್ರಶ್ನೆಯೂ ಅಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷದ ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ ಬಂದು, 1958ರಿಂದ ಹಂತಹಂತವಾಗಿ ಕಿಲೋ ಬಳಕೆಗೆ ಇಳಿಯಿತು. ಎರಡು ತಿಂಗಳ ಒಳಗೆ ರಾಜ್ಯದ ಗಡಿ ಬದಲಾಗುವುದೂ ಅಳತೆ ಬದಲಾಗುವ ಕಾನೂನು ಬರುವುದೂ ಆಯಿತು. ಗಡಿಯ ಬಗ್ಗೆ ನಾವು ಬರೆದದ್ದಕ್ಕೆ ಲೆಕ್ಕವಿಲ್ಲ. ಅಳತೆಯ ಬಗ್ಗೆ ಬರೆದದ್ದು ಪದಕೋಶದ ಒಂದು ಸಾಲು. ಸೇರು ಅಂತ ಬಂದಲ್ಲೆಲ್ಲ ಯಾವ ಊರು, ಯಾವ ಧಾನ್ಯ, ತೂಕವೋ ಪಾತ್ರೆಯೋ, ಮಟ್ಟವೋ ತುದಿಯೋ, ಅಳೆದವರು ಯಾರು ಅಂತ ಬರೆದಿಡಲಿಕ್ಕೆ ನಾಲ್ಕು ಸಾಲು ಸಾಕು. ಹೇಳಬಲ್ಲ ಹಿರಿಯರು ಇನ್ನೂ ಇರುವಾಗಲೇ ಇದು ಆಗಬೇಕು.

ಚರ್ಚೆಯಲ್ಲಿ ಒಬ್ಬ ಅಧ್ಯಾಪಕಿ ಕೇಳಿದರು: ದೋಸೆಗೆ ಮೂರಕ್ಕೆ ಒಂದು ಅಂತೇವೆ, ಅದು ಆಗಲೇ ಪ್ರತಿಶತವಲ್ಲವಾ, ಗಡಿ ದಾಟುವುದಿಲ್ಲವಾ? ಅಕ್ಕಿ ಮತ್ತು ಉದ್ದಿನ ನಡುವೆ ಬಹುಮಟ್ಟಿಗೆ ದಾಟ್ತದೆ, ಯಾಕೆಂದರೆ ಎರಡರ ಒಂದೊಂದು ಲೋಟದ ತೂಕ ಹತ್ತಿರ ಹತ್ತಿರ. ಅದೇ ಪಾಕದಲ್ಲಿ ಒಂದು ಲೋಟ ಅವಲಕ್ಕಿ ಸೇರಿಸಿ ನೋಡಿ. ದಪ್ಪ ಅವಲಕ್ಕಿಯೋ, ತೆಳುವೋ, ಲೋಟ ಕುಲುಕಿ ತುಂಬಿಸಿದ್ದೋ, ಸುಮ್ಮನೆ ಸುರಿದದ್ದೋ ಅಂತ ಪಾಕ ಹೇಳಿದ ಅಮ್ಮನನ್ನೇ ಫೋನ್ ಮಾಡಿ ಕೇಳಬೇಕಾಗ್ತದೆ.